ಕೆಂಪು ಗೆರೆಯ ಆಚೆ

ಮೂರು ತಿಂಗಳಿಂದ ನನ್ನ ಲ್ಯಾಪ್‌ಟಾಪಿನಲ್ಲಿ ಆಫೀಸಿನ ಕೆಲಸಕ್ಕಿಂತ ಹೆಚ್ಚಾಗಿ ಗಿಟಾರ್ ಆಂಪ್ಲಿಫೈಯರ್‌ಗಳೇ ತೆರೆದುಕೊಂಡಿದ್ದವು. ಬಜೆಟ್ 50 ಸಾವಿರ. "ಅಷ್ಟು ದುಡ್ಡಿಗೆ ಒಂದು ಒಳ್ಳೆ ಫ್ರಿಜ್ ಬರುತ್ತೆ" ಅಂತ ಹೆಂಡತಿ ಒಂದು ಸಲ ಅಂದಳು, ಆಮೇಲೆ ಬಿಟ್ಟಳು. ಮೂವತ್ತು ದಾಟಿದ ಮೇಲೆ ಗಿಟಾರ್ ಹಿಡಿದವನ ಜತೆ ವಾದ ಮಾಡಿ ಉಪಯೋಗ ಇಲ್ಲ ಅಂತ ಅವಳಿಗೂ ಗೊತ್ತು.

ನನಗೆ ಬೇಕಿದ್ದದ್ದು ಟ್ಯೂಬ್ ಆಂಪ್. ಗೊತ್ತಿಲ್ಲದವರಿಗೆ ಎರಡು ಮಾತು: ಟ್ಯೂಬ್ ಅಂದರೆ ನಮ್ಮ ಕಡೆಯ ವಾಲ್ವ್. ಅಜ್ಜನ ರೇಡಿಯೊದ ಹಿಂದೆ ಇಣುಕಿದರೆ ಕೆಂಪಗೆ ಉರಿಯುತ್ತಿತ್ತಲ್ಲ, ಆ ಗಾಜಿನ ಬುಡ್ಡಿ. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಮೇಲೆ ಒಂದೊಂದೇ ಕಡೆಯಿಂದ ವಾಲ್ವುಗಳು ಜಾಗ ಖಾಲಿ ಮಾಡಿದವು. ಗಿಟಾರಿನವರು ಮಾತ್ರ ಹಿಡಿದುಕೊಂಡರು. ಯಾಕೆಂದರೆ ತಾಕತ್ತು ಮೀರಿ ದುಡಿಸಿದಾಗ ಟ್ರಾನ್ಸಿಸ್ಟರ್ ಸಾಮಾನ್ಯವಾಗಿ ದನಿಯ ತುದಿಯನ್ನು ಕತ್ತರಿಸಿ ಹಾಕುತ್ತದೆ. ವಾಲ್ವ್ ಹಾಗಲ್ಲ, ಮೆಲ್ಲಗೆ ಒತ್ತಿ, ದುಂಡಗೆ ಮಾಡಿ ಒಡೆಯುತ್ತದೆ. ತಂತಿ ಸಣ್ಣಗೆ ಮೀಟಿದರೆ ಸ್ವಚ್ಛ, ಬಲವಾಗಿ ಮೀಟಿದರೆ ಗರಗರ. ಬ್ಲೂಸ್, ರಾಕ್ ಎಲ್ಲ ನಿಂತಿರುವುದು ಆ ಗರಗರದ ಮೇಲೆ.

ನಾನು ಮಾಡಿದ ಮೊದಲ ತಪ್ಪು ವ್ಯಾಟ್ ಲೆಕ್ಕದ್ದು. ಹೆಚ್ಚು ವ್ಯಾಟ್ ಅಂದರೆ ಹೆಚ್ಚು ಒಳ್ಳೆಯದು ಅಂದುಕೊಂಡಿದ್ದೆ. ಅಂಗಡಿಯೊಂದರಲ್ಲಿ ಫೆಂಡರ್ ಬ್ಲೂಸ್ ಜೂನಿಯರ್ ನುಡಿಸಿದೆ. 15 ವ್ಯಾಟ್, ಎರಡು ಇಎಲ್84 ವಾಲ್ವು. ವಾಲ್ಯೂಮ್ 2ರಲ್ಲಿ ಇಟ್ಟಾಗ ಏನೂ ವಿಶೇಷ ಅನಿಸಲಿಲ್ಲ. 6ಕ್ಕೆ ಏರಿಸಿದೆ. ಅಯ್ಯೋ, ಆ ದನಿ! ಆದರೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಿಕ್ಸರ್ ತಡವಾಗಿ ಓಡಿಸಿದರೂ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬರುತ್ತೆ. ವ್ಯಾಟ್ ಎರಡು ಪಟ್ಟಾದರೆ ಸದ್ದು ಎರಡು ಪಟ್ಟಾಗುವುದಿಲ್ಲ, 3 ಡೆಸಿಬೆಲ್ ಅಷ್ಟೇ ಏರುತ್ತದೆ. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಅಂದರೆ 30 ವ್ಯಾಟಿನ ಬದಲು 15 ವ್ಯಾಟಿನದು ತಂದರೂ ಪಕ್ಕದ ಮನೆಯವರಿಗೆ ಹೆಚ್ಚೇನೂ ನೆಮ್ಮದಿ ಸಿಗುವುದಿಲ್ಲ. 5 ವ್ಯಾಟೂ ಮನೆಗೆ ಜಾಸ್ತಿಯೇ.

ಎರಡನೇ ತಪ್ಪು ಹಳೆಯದರ ಮೋಹ. ಅಮೆರಿಕದಲ್ಲಿರುವ ಗೆಳೆಯ ಹಳೆಯ ಫೆಂಡರ್ ಚಾಂಪ್ ಒಂದನ್ನು ನೋಡಿಟ್ಟಿದ್ದ. ಪುಟ್ಟ ಪೆಟ್ಟಿಗೆ, ಒಂದೇ ಪವರ್ ವಾಲ್ವು. ಆದರೆ ಅದು 120 ವೋಲ್ಟಿನದು, ನಮ್ಮ 230ಕ್ಕೆ ಹಾಕಿದರೆ ಹೊಗೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಎರಡು ಪಿನ್ನಿನ ಹಳೆಯ ವೈರ್ ಕಿತ್ತು ಅರ್ಥಿಂಗ್ ಇರುವುದು ಹಾಕಬೇಕು, ಐವತ್ತು ವರ್ಷ ಹಳೆಯ ಕೆಪಾಸಿಟರ್‌ಗಳನ್ನು ಬದಲಿಸಬೇಕು. ಸಾಗಣೆ, ಕಸ್ಟಮ್ಸ್ ಬೇರೆ. ಅಗ್ಗ ಅಂದುಕೊಂಡದ್ದು ಲೆಕ್ಕ ಹಾಕಿದಂತೆಲ್ಲ ಬೆಳೆಯುತ್ತಾ ಹೋಯಿತು.

ಈ ಗೊಂದಲ ತಲೆಯಲ್ಲಿ ಇಟ್ಟುಕೊಂಡೇ ಯುಗಾದಿಗೆ ಊರಿಗೆ ಹೊರಟೆ. ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್, ಬೆಳಿಗ್ಗೆ ಯಾದಗಿರಿ, ಅಲ್ಲಿಂದ ಬಸ್ಸಿನಲ್ಲಿ ಶಹಾಪುರ, ಆಮೇಲೆ ನಮ್ಮೂರು ಶಿರವಾಳ. ಹಳೆಯ ಕಲ್ಲಿನ ಗುಡಿಗಳ ಊರು. ಬೇರೆ ಊರಿನವರು ಕ್ಯಾಮೆರಾ ಹಿಡಿದು ಬಂದು ನೋಡುವ ಕಂಬಗಳಿಗೆ ನಾವು ಚಿಕ್ಕಂದಿನಲ್ಲಿ ಬೆನ್ನು ಕೊಟ್ಟು ಕೂತು ಗೋಲಿ ಆಡಿದವರು. ಇನ್ನೂ ಒಂದು ಹಳೆಯ ವಸ್ತುವಿನ ಬಗ್ಗೆ ನನಗೆ ಅಷ್ಟೇ ಅಸಡ್ಡೆ ಇತ್ತು: ಕಾಕಾನ ಮೈಕ್‌ಸೆಟ್.

ನಿಜ ಹೇಳಬೇಕಂದ್ರೆ ಅಸಡ್ಡೆ ಅಲ್ಲ, ನಾಚಿಕೆ. ಸುತ್ತಲ ಊರುಗಳ ಮದುವೆ, ಭಜನೆ, ಮೊಹರಂ ಪದ, ನಾಟಕ, ತಿಂಥಣಿ ಮೌನೇಶ್ವರ ಜಾತ್ರೆಗೆ ಹೋಗುವವರ ಗಾಡಿ ಎಲ್ಲದಕ್ಕೂ ಕಾಕಾನದೇ ಮೈಕ್. ಶಾಲೆಯಲ್ಲಿ ನನಗೆ "ಹಲೋ ಮೈಕ್ ಟೆಸ್ಟಿಂಗ್" ಅಂತಲೇ ಹೆಸರು. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಯಾರಾದರೂ ಕೇಳಿದರೆ "ನಮ್ ಕಾಕಾಂದು ಎಲೆಕ್ಟ್ರಿಕಲ್ ಬಿಸಿನೆಸ್" ಅಂತಿದ್ದೆ.

ಹಬ್ಬದ ಮರುದಿನ ಕಟ್ಟೆಯ ಮೇಲೆ ಕೂತು ಫೋನ್ ನೋಡುತ್ತಿದ್ದೆ.

"ಮುಂಜಾನಿಂದ ಏನ್ ನೋಡಲತ್ತಿ?" ಅಂದ ಕಾಕಾ.

"ಆಂಪ್ಲಿಫೈಯರ್ ಕಾಕಾ. ವಾಲ್ವಿಂದು."

"ವಾಲ್ವಿಂದಾ? ಜಗತ್ತೇ ಅದನ್ನ ಗುಜರಿಗೆ ಹಾಕ್ಯಾದ. ನೀ ರೊಕ್ಕ ಕೊಟ್ಟು ತರ್ತಿ? ಎಷ್ಟಂತ?"

"50 ಸಾವಿರದ ತನಕ."

ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ದನಿ ಹೆಂಗಿರ್ತದ ಕೇಳಸು ಅಂದ. ಒಂದು ವಿಡಿಯೊ ಹಾಕಿದೆ. ಗಿಟಾರು ಗರಗರ ಅಂತು. ಕಾಕಾ ಮುಖ ಕಿವುಚಿದ.

"ಇದು ಹರದದಲ್ಲೋ ತಮ್ಮಾ!"

"ಹರೀಲಿ ಅಂತೇ ತಗೊಳ್ಳೋದು ಕಾಕಾ."

ಕಾಕಾ ಎದ್ದು ಒಳಗೆ ಹೋದ. ಸಿಟ್ಟು ಬಂತೇನೋ ಅಂದುಕೊಂಡೆ. ಅಟ್ಟದ ಮೇಲಿಂದ ಗೋಣಿಚೀಲದಲ್ಲಿ ಸುತ್ತಿದ್ದ ಕಬ್ಬಿಣದ ಪೆಟ್ಟಿಗೆಯೊಂದನ್ನು ಇಳಿಸಿಕೊಂಡು ಬಂದ. ಹೆಸರಿನ ಪಟ್ಟಿ ಎಂದೋ ಕಿತ್ತುಹೋಗಿತ್ತು. ವಾಲ್ಯೂಮಿನ ಗುಂಡಿಯ ಪಕ್ಕ, ಮುಕ್ಕಾಲು ದಾರಿಯಲ್ಲಿ, ಕಾಕಿಯ ಉಗುರುಬಣ್ಣದಿಂದ ಎಳೆದ ಒಂದು ಕೆಂಪು ಗೆರೆ.

"ಇದೇನು?"

ಕಾಕಾ ಹೇಳಿದ. ಹೊಸದಾಗಿ ಸೆಟ್ ತಂದ ವರ್ಷ. ಒಂದು ರಾತ್ರಿ ತತ್ವಪದದ ಕಾರ್ಯಕ್ರಮ. ಜನ ಬಹಳ ಸೇರಿದ್ದರು, ಹಿಂದೆ ಕೂತವರಿಗೂ ಕೇಳಲಿ ಅಂತ ಕಾಕಾ ಗುಂಡಿ ಏರಿಸುತ್ತಾ ಹೋದ. ದನಿ ಹರಿಯಿತು. ಹಾಡುತ್ತಿದ್ದ ಮುದುಕರು ಏಕತಾರಿ ನಿಲ್ಲಿಸಿ, ಇವನ ಕಡೆ ತಿರುಗಿ, ಇಡೀ ಊರಿನ ಮುಂದೆ ಅಂದರಂತೆ: "ಯಪ್ಪಾ, ನನ್ನ ದನಿ ನನಗ ಕೊಡು." ಮರುದಿನ ಕಾಕಾ ಈ ಗೆರೆ ಎಳೆದ. ಆ ಸೆಟ್ ಇದ್ದಷ್ಟು ವರ್ಷ ಗುಂಡಿ ಅದನ್ನು ದಾಟಲಿಲ್ಲ.

ನಾನು ಮೂರು ತಿಂಗಳಿಂದ ಹುಡುಕುತ್ತಿದ್ದದ್ದು ಸರಿಯಾಗಿ ಆ ಗೆರೆಯ ಆಚೆ ಇತ್ತು.

ಆಗ ಅವನಿಗೆ ಲಿಯೋ ಫೆಂಡರ್ ಕಥೆ ಹೇಳಿದೆ. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಲ್ಲಿ 1938ರಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟವನು. ಮೈಕ್‌ಸೆಟ್ ಕಟ್ಟಿ ಬಾಡಿಗೆಗೂ ಕೊಡುತ್ತಿದ್ದ. ಜಗತ್ತಿನ ಅತಿ ಹೆಸರಾದ ಗಿಟಾರುಗಳನ್ನೂ ಆಂಪುಗಳನ್ನೂ ಮಾಡಿದ ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅವನಿಗೆ ಬೇಕಿದ್ದದ್ದೂ ಸ್ವಚ್ಛ ದನಿಯೇ. ಗುಂಡಿಯನ್ನು ಕೊನೆಗೆ ತಿರುಗಿಸಿ ಆ ದನಿಯನ್ನು ಹರಿದವರು ನುಡಿಸುವವರು. 1962ರಲ್ಲಿ ಲಂಡನ್ನಿನ ಡ್ರಮ್ ಅಂಗಡಿಯ ಜಿಮ್ ಮಾರ್ಷಲ್ ಮತ್ತು ಅವನ ಹುಡುಗರು ಫೆಂಡರನ ಬ್ಯಾಸ್‌ಮನ್ ಆಂಪನ್ನು ನೋಡಿಕೊಂಡೇ ತಮ್ಮ ಮೊದಲ ಆಂಪ್ ಕಟ್ಟಿದರು.

"ಅಂದ್ರ ಅವನೂ ಮೈಕ್‌ಸೆಟ್ಟಿನಾವನೇ?" ಅಂದ ಕಾಕಾ. ಅವನ ಮುಖದಲ್ಲಿ ಬಂದ ಬೆಳಕು ನೋಡಿ ನನ್ನ ಹಾಸ್ಟೆಲಿನ ಸುಳ್ಳು ನೆನಪಾಯಿತು.

ಸ್ಕ್ರೂ ಬಿಚ್ಚಿದ. ಒಳಗೆ ಕೈ ಹಾಕುವ ಮೊದಲು ಕೆಪಾಸಿಟರ್‌ಗಳನ್ನು ಡಿಸ್ಚಾರ್ಜ್ ಮಾಡಿದ. ಎಷ್ಟೋ ವರ್ಷದಿಂದ ಕರೆಂಟ್ ಕಾಣದ ಪೆಟ್ಟಿಗೆ, ಆದರೂ ಅಭ್ಯಾಸ. ವಾಲ್ವಿನ ಸೆಟ್ಟಿನೊಳಗೆ 300 ವೋಲ್ಟಿನ ಆಸುಪಾಸು ಡಿ.ಸಿ. ಇರುತ್ತದೆ, ಸ್ವಿಚ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಉಳಿದಿರಬಹುದು. ಬೇರೆಲ್ಲೂ ತಾಗಬಾರದು ಅಂತ ಒಂದು ಕೈ ಬೆನ್ನ ಹಿಂದೆ. ಯುಟ್ಯೂಬ್ ನೋಡಿ ಆಂಪ್ ಬಿಚ್ಚಲು ಹೊರಡುವ ಗೆಳೆಯರೇ, ದಯವಿಟ್ಟು ಬೇಡ.

ಧೂಳು ಒರೆಸಿದಾಗ ವಾಲ್ವುಗಳ ಮೇಲಿನ ಅಕ್ಷರ ಕಂಡಿತು: ಇಎಲ್84. ಪಕ್ಕದಲ್ಲಿ ಬಿಇಎಲ್. ನಾನು ದಂಗಾದೆ. ಬ್ಲೂಸ್ ಜೂನಿಯರಿನಲ್ಲಿದ್ದ ವಾಲ್ವು, ಬ್ರಿಟನ್ನಿನ ವಾಕ್ಸ್ ಎಸಿ30ಯಲ್ಲಿ ನಾಲ್ಕು ಸಾಲಾಗಿ ನಿಲ್ಲುವ ವಾಲ್ವು, ನಮ್ಮ ಅಟ್ಟದ ಮೇಲಿತ್ತು. ಅದೂ ಬೆಂಗಳೂರಿನದು. 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ ಜಾಲಹಳ್ಳಿಯಲ್ಲಿ 60ರ ದಶಕದಲ್ಲಿ ರೇಡಿಯೊ ವಾಲ್ವುಗಳನ್ನು ಮಾಡತೊಡಗಿತ್ತು. ಇವತ್ತು ಗಿಟಾರ್ ಆಂಪಿನ ವಾಲ್ವುಗಳು ಹೆಚ್ಚಾಗಿ ರಷ್ಯಾ, ಸ್ಲೊವಾಕಿಯಾ, ಚೀನಾದಿಂದ ಬರುತ್ತವೆ. 2022ರ ಮಾರ್ಚ್‌ನಲ್ಲಿ ರಷ್ಯಾ ರಫ್ತು ನಿಲ್ಲಿಸಿದಾಗ ಪ್ರಪಂಚದ ಗಿಟಾರಿನವರೆಲ್ಲ ಗಾಬರಿಯಾಗಿದ್ದರು. ನಾನು ದಿನಾ ಆಫೀಸಿಗೆ ಹೋಗುವ ದಾರಿಯಲ್ಲೇ ಜಾಲಹಳ್ಳಿ ಇದೆ.

"ಕಾಕಾ, ಇದನ್ನೇ ಗಿಟಾರಿಗೆ ಹಾಕಬಹುದಲ್ಲ!"

ಕಾಕಾ ಉತ್ತರ ಕೊಡಲಿಲ್ಲ. ಗೋಡೆಯ ಸೀರೀಸ್ ಬಲ್ಬಿಗೆ 100 ವ್ಯಾಟಿನ ಬಲ್ಬು ಹಾಕಿ, ಅದರ ಮೂಲಕ ಸೆಟ್ಟಿಗೆ ಕರೆಂಟ್ ಕೊಟ್ಟ. ಸೆಟ್ ಸರಿಯಿದ್ದರೆ ಬಲ್ಬು ಒಮ್ಮೆ ಹೊಳೆದು ಮಂಕಾಗಬೇಕು. ಇದು ಪೂರ್ತಿ ಬೆಳಕಿಗೆ ಬಂದು ಹಾಗೇ ನಿಂತಿತು.

"ಶಾರ್ಟ್ ಅದ," ಅಂದು ಸ್ವಿಚ್ ತೆಗೆದ. ಆಮೇಲೆ ಒಂದೊಂದೇ ಹೇಳಿದ. ಕೆಪಾಸಿಟರ್ ಎಲ್ಲ ಬದಲಿಸಬೇಕು. ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದರೆ ಹೊಸದಾಗಿ ಸುತ್ತಿಸಬೇಕು, ಸುತ್ತುತ್ತಿದ್ದವರು ಈಗಿಲ್ಲ. ಇದರ ಔಟ್‌ಪುಟ್ ದೂರದ ಹಾರ್ನುಗಳಿಗೆ ಲೈನ್ ಎಳೆಯಲು ಮಾಡಿದ 100 ವೋಲ್ಟಿನದು, ಗಿಟಾರಿನ 8 ಓಮ್ ಸ್ಪೀಕರಿಗೆ ಹೊಂದುವುದಿಲ್ಲ. ಸ್ಪೀಕರ್ ಹಚ್ಚದೆ ವಾಲ್ವಿನ ಸೆಟ್ ಚಾಲೂ ಮಾಡಿದರಂತೂ ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಹೋಗಬಹುದು.

"ನಿನಗ ಹಳೇದು ಬೇಕೋ, ಬಾರಿಸೋದು ಬೇಕೋ?"

"ಬಾರಿಸೋದು."

"ಹಂಗಾದ್ರ ನಿನ್ನ ಮನಿ ಎಷ್ಟದ ಅಷ್ಟರದು ತಗೊ. ಕೆಟ್ಟರ ಬಿಚ್ಚಾವ ನಿನ್ನ ಊರಾಗ ಇರಬೇಕು. ವಾಲ್ವು ಅಂಗಡ್ಯಾಗ ಸಿಗಬೇಕು. ಹೆಸರು ನೋಡಬ್ಯಾಡ."

ಮೂರು ತಿಂಗಳು ನಾನು ಓದಿದ್ದೆಲ್ಲ ಈ ನಾಲ್ಕು ಮಾತಿನಲ್ಲಿ ಮುಗಿಯಿತು. ಟ್ರಾನ್ಸಿಸ್ಟರ್ ಸೆಟ್ಟುಗಳು ಬಂದಾಗ ಇದನ್ನು ಅಟ್ಟಕ್ಕೆ ಏರಿಸಿದವನು, ಡಿಜೆಗಳು ಬಂದಾಗ ಧಂಧೆಯನ್ನೇ ಬಿಟ್ಟವನು. ಗುಜರಿಯವನು ಎರಡು ಸಲ ಬಂದು ತೂಕದ ಲೆಕ್ಕದಲ್ಲಿ ಕೇಳಿದ್ದನಂತೆ. ಯಾಕೆ ಕೊಡಲಿಲ್ಲ ಅಂತ ನಾನು ಕೇಳಲಿಲ್ಲ.

ಹೊರಡುವಾಗ ಕಾಕಾ ಎರಡೂ ವಾಲ್ವು ಕಿತ್ತು, ಅರಳೆಯಲ್ಲಿ ಸುತ್ತಿ, ಒಂದು ಸ್ಟೀಲ್ ಡಬ್ಬಿಯಲ್ಲಿಟ್ಟು ಕೊಟ್ಟ.

ಬೆಂಗಳೂರಿಗೆ ಬಂದು ಎರಡು ವಾರಕ್ಕೆ ವಾಕ್ಸ್ ಎಸಿ4ಟಿವಿ ಸೆಕೆಂಡ್‌ಹ್ಯಾಂಡ್ ಸಿಕ್ಕಿತು. ವಿದೇಶಕ್ಕೆ ಹೊರಟಿದ್ದ ಹುಡುಗನೊಬ್ಬ ಮಾರುತ್ತಿದ್ದ, ನನ್ನ ಬಜೆಟ್ಟಿನ ಅರ್ಧವೂ ಆಗಲಿಲ್ಲ. ನಾಲ್ಕೇ ವ್ಯಾಟು. ಒಂದು ಗುಂಡಿ ಇದೆ, ಅದನ್ನು ತಿರುಗಿಸಿದರೆ 1 ವ್ಯಾಟಿಗೆ, ಕಾಲು ವ್ಯಾಟಿಗೆ ಇಳಿಯುತ್ತದೆ. ಅಂದರೆ ವಾಲ್ವು ಪೂರ್ತಿ ದುಡಿಯುತ್ತದೆ, ಕೆಳಗಿನ ಮನೆಯವರು ನಿದ್ದೆ ಮಾಡುತ್ತಾರೆ. ಪವರ್ ವಾಲ್ವು ಒಂದೇ: ಇಎಲ್84.

ಎಸ್.ಪಿ. ರೋಡಿನಲ್ಲಿ ವಿಚಾರಿಸುತ್ತಾ ಹೋಗಿ ಹಳಬರೊಬ್ಬರನ್ನು ಹಿಡಿದೆ. ಡಬ್ಬಿ ಬಿಚ್ಚಿ ಕಾಕಾನ ವಾಲ್ವು ತೋರಿಸಿದಾಗ ಅವರೂ ನಕ್ಕರು. ಟೆಸ್ಟ್ ಮಾಡಿದರು. ಒಂದು ಸತ್ತಿತ್ತು, ಒಂದು ಬದುಕಿತ್ತು. ಬದುಕಿದ್ದನ್ನು ಅವರೇ ನನ್ನ ಆಂಪಿಗೆ ಕೂರಿಸಿಕೊಟ್ಟರು.

ಆ ರಾತ್ರಿ ಕಾಕಾನಿಗೆ ಫೋನ್ ಮಾಡಿ, ಫೋನನ್ನು ಕುರ್ಚಿಯ ಮೇಲಿಟ್ಟು, ಗಿಟಾರ್ ನುಡಿಸಿದೆ. ಮೊದಲು ಮೆಲ್ಲಗೆ, ಸ್ವಚ್ಛವಾಗಿ. ಆಮೇಲೆ ಗುಂಡಿ ಏರಿಸುತ್ತಾ ಹೋದೆ. ಮುಕ್ಕಾಲು ದಾಟಿತು. ದನಿ ಹರಿಯಿತು. ನಿಲ್ಲಿಸಿ ಫೋನ್ ಕಿವಿಗಿಟ್ಟೆ. ಆ ಕಡೆ ಸದ್ದಿಲ್ಲ.

"ಕಾಕಾ, ಕೇಳಿಸ್ತಾ?"

"ಹರದದ," ಅಂದ ಕಾಕಾ. ಸ್ವಲ್ಪ ಹೊತ್ತು ಬಿಟ್ಟು, "ಇನ್ನಾ ಸ್ವಲ್ಪ ಏರಸು."