ಹನಿಯೊಳಗಿನ ಇಳಕಲ್ ಸೆರಗು

ನೀರಿಗೆ ಬಣ್ಣವಿಲ್ಲ. ಹನಿಯ ಫೋಟೋದಲ್ಲಿ ಕಾಣುವ ಬಣ್ಣವೆಲ್ಲ ಅದರ ಹಿಂದೆ ನಾವು ಇಟ್ಟದ್ದರದ್ದು. ಇದನ್ನು ನನಗೆ ಕಲಿಸಿದವಳು ರಜೆಗೆ ಹೊಳೆಆಲೂರಿಗೆ ಬಂದ ಮೊಮ್ಮಗಳು. "ಅಜ್ಜಿ, ಚಂದನ್ನ ಬಣ್ಣದ್ದು ಏನರ ಕೊಡು" ಎಂದಳು. ಟ್ರಂಕಿನಿಂದ ತವರಿನ ಇಳಕಲ್ ಸೀರೆ ತೆಗೆದೆ. 2009ರಲ್ಲಿ ಮಲಪ್ರಭೆ ಉಕ್ಕಿ ಬಂದಾಗ ಕೆಸರು ಕುಡಿದ ಸೀರೆ ಅದು. ಒಡಲು ಮಾಸಿದೆ. ಸೆರಗಿನ ಕೆಂಪು, ಅದರೊಳಗಿನ ಬಿಳಿ ತೆನೆಗಳು ಮಾತ್ರ ಹಾಗೇ ಇವೆ.

ಬೇವಿನ ಕಡ್ಡಿಯ ತುದಿಗೆ ಡ್ರಾಪರಿನಿಂದ ಹನಿ ಇಟ್ಟೆವು. ನೀರಿಗೆ ತುಸು ಗ್ಲಿಸರಿನ್ ಬೆರೆಸಿದರೆ ಹನಿ ಬೇಗ ಆರುವುದಿಲ್ಲ. ಗೇಣು ದೂರದಲ್ಲಿ ಸೆರಗು. ಹನಿ ಪುಟ್ಟ ಮಸೂರವಲ್ಲವೇ, ಇಡೀ ಸೆರಗು ಅದರೊಳಗೆ ತಲೆಕೆಳಗಾಗಿ ಕುಳಿತಿತು! ಬೀಳುವ ಹನಿಯ ಆಟ ಬೇರೆ. 1957ರಲ್ಲಿ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ ಹಾಲಿನ ಹನಿ ಸಿಡಿದು ಕಿರೀಟವಾಗುವುದನ್ನು ಹಿಡಿದದ್ದು ಕ್ಷಣಾರ್ಧಕ್ಕಿಂತಲೂ ಎಷ್ಟೋ ಚಿಕ್ಕ ಮಿಂಚುಬೆಳಕಿನಲ್ಲಿ. ಮೊಬೈಲಿನ ದೀಪಕ್ಕೆ ಅದು ಸಾಧ್ಯವಿಲ್ಲ. ನಮಗೆ ತೂಗುವ ಹನಿಯೇ ಸಾಕು.

ಕಿಟಕಿಯ ನೇರ ಬಿಸಿಲಿಗೆ ಹನಿಯ ಮೇಲೆ ಸುಟ್ಟಂಥ ಬಿಳಿ ಚುಕ್ಕೆ ಬಿತ್ತು. ಕಿಟಕಿಗೆ ಬಿಳಿ ಧೋತರ ಕಟ್ಟಿದೆವು, ಬೆಳಕು ಮೆತ್ತಗಾಯಿತು. ಆದರೆ ಸೆರಗು ಮಂಕಾಯಿತು. ಬಣ್ಣ ಬೇಕಾದರೆ ಬೆಳಕು ಬೀಳಬೇಕಾದ್ದು ಹನಿಗಲ್ಲ, ಹಿಂದಿನ ಬಟ್ಟೆಗೆ. ಅಂಗಳದ ಬಿಸಿಲಿಗೆ ಸ್ಟೀಲಿನ ಪರಾತ ಹಿಡಿದು ಸೆರಗಿನ ಮೇಲೆ ಬೆಳಕು ಚೆಲ್ಲಿದೆ. ಒಳಗಿನ ಹಳದಿ ಬಲ್ಬು ಆರಿಸಿದೆವು, ಎರಡು ಬಗೆಯ ಬೆಳಕು ಬೆರೆತರೆ ಯಾವ ಬಣ್ಣವೂ ಸರಿಯಾಗದು.

ಆದರೂ ಕೆಂಪು ಕಳೆಗುಂದಿತ್ತು. ಎಲ್ಲೆಡೆ ಕೆಂಪೇ ಕಂಡರೆ ಮೊಬೈಲು ಅದನ್ನು ಬೆಳಕಿನ ದೋಷವೆಂದು ತಿಳಿದು ತಾನೇ ತಿದ್ದುತ್ತದಂತೆ! ಅವಳು ಆ ತಿದ್ದುಪಡಿ ನಿಲ್ಲಿಸಿ, ಹಗಲಿನ ಬೆಳಕಿನ 5500 ಕೆಲ್ವಿನ್ ಗುರುತಿಗೆ ಇಟ್ಟಳು. "ಈಗ ಖರೇ ಕೆಂಪು ಬಂತೇನಬೇ?"

ನನ್ನ ಬಲಗಣ್ಣಿನ ಪೊರೆ ತೆಗೆದಿದ್ದಾರೆ, ಎಡಗಣ್ಣಿನದು ಬಾಕಿ. ಬಲಗಣ್ಣು ಮುಚ್ಚಿದರೆ ಸೆರಗಿನ ಬಿಳಿ ತೆನೆ ಚಹಾದಲ್ಲಿ ಅದ್ದಿದಂತೆ. ಎಡಗಣ್ಣು ಮುಚ್ಚಿದರೆ ಹಾಲಿನಂತೆ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಅದು ಮೆಲ್ಲಗೆ ಆಗುವುದರಿಂದ ಗೊತ್ತೇ ಆಗುವುದಿಲ್ಲ. ಎಷ್ಟು ವರ್ಷ ಈ ಸೀರೆ ಕಂದಿತೆಂದು ಮರುಗಿದ್ದೆನೋ! ಎಡಗಣ್ಣು ಮುಚ್ಚಿಕೊಂಡೇ ಪರದೆ ನೋಡಿದೆ. ಅವ್ವ ಉಡಿಸಿದ ದಿನದ ಕೆಂಪು. "ಹೂಂ, ಇದೇ" ಎಂದೆ.

"ತೆನಿ ತಲೆಕೆಳಗ ಅದಾವು. ಫೋಟೋ ತಿರುಗಿಸ್ಲೇನು?"

"ಬ್ಯಾಡವ್ವಾ. ತಿರುಗಿಸಿದರೆ ಹನಿ ಆಕಾಶಕ್ಕೆ ಜೋತುಬೀಳ್ತದ."