ಮೌನವು ನಮ್ಮನ್ನು ಕಾಯಲಿಲ್ಲ

ಶಾಲೆಯ ಸ್ಮರಣ ಸಂಚಿಕೆಗಾಗಿ ನಾಲ್ಕು ಮಾತು ಬರೆದುಕೊಡಬೇಕೆಂದು ಸಂಪಾದಕಿಯರು ಕೇಳಿದಾಗ ನಮ್ಮಿಬ್ಬರಿಗೂ ಮೊದಲು ನೆನಪಾದವು ಎಲ್ಲ ಪೂರ್ವ ವಿದ್ಯಾರ್ಥಿನಿಯರಿಗೂ ನೆನಪಾಗತಕ್ಕ ಸಂಗತಿಗಳೇ: ಬೆಳಗಿನ ಪ್ರಾರ್ಥನೆಯ ಗಂಟೆ, ಬೋರ್ಡಿಂಗಿನ ಬಾವಿಕಟ್ಟೆ, ಶನಿವಾರದ ಎಣ್ಣೆಸ್ನಾನ, ಸಾಲಾಗಿ ಕುಳಿತು ಹೆಣೆಸಿಕೊಂಡ ಜಡೆ. ಅವನ್ನು ನಮಗಿಂತ ಸೊಗಸಾಗಿ ಬರೆಯಬಲ್ಲ ಸಹೋದರಿಯರು ಅನೇಕರಿದ್ದಾರೆ. ಅಕ್ಕತಂಗಿಯರಾದ ನಾವು ಈ ಶಾಲೆಗೆ ಸಲ್ಲಿಸಬೇಕಾದ ಋಣವು ಬೇರೊಂದು ಬಗೆಯದು. ಅದನ್ನು ಹೇಳಬೇಕಾದರೆ, ಇಂಥ ಸಂಚಿಕೆಗಳಲ್ಲಿ ಯಾರೂ ಎತ್ತದ ವಿಷಯವನ್ನು ಎತ್ತಬೇಕಾಗಿದೆ. ಹೆಣ್ಣುಮಕ್ಕಳನ್ನು ಇಲ್ಲಿಗೆ ಕಳುಹಿಸಿರುವ ತಾಯಿತಂದೆಗಳು ಇದನ್ನು ಸಹನೆಯಿಂದ ಓದಬೇಕೆಂದು ಬಿನ್ನಹ.

ನಮ್ಮದು ಅಡಕೆ ತೋಟದ ಮನೆ. ನಮ್ಮ ತಂದೆಯವರಿಗೆ ದಾಯಾದಿ ವರಸೆಯಲ್ಲಿ ಅಣ್ಣನಾಗಬೇಕಾದವನೊಬ್ಬನು ಕೊಯ್ಲಿನ ಕಾಲಕ್ಕೆ ಬಂದು ತಿಂಗಳುಗಟ್ಟಲೆ ನಿಲ್ಲುತ್ತಿದ್ದನು. ಊರಿನ ಪಂಚಾಯಿತಿಯಲ್ಲಿ ಆತನ ಮಾತಿಗೆ ತೂಕವಿತ್ತು. ನಾವು ಆತನನ್ನು ದೊಡ್ಡಪ್ಪನೆಂದು ಕರೆಯುತ್ತಿದ್ದೆವು, ಬಂದೊಡನೆ ಕಾಲಿಗೆರಗಬೇಕಾಗಿತ್ತು. ನಮ್ಮಲ್ಲಿ ಹಿರಿಯಳಿಗೆ ಒಂಬತ್ತು ವರುಷ ತುಂಬಿದ 1968ನೆಯ ಇಸವಿಯಿಂದ ಆತನು ಆ ಮಗುವಿನ ಮೇಲೆ ಮಾಡಬಾರದ ಅಪಚಾರವನ್ನು ಮಾಡತೊಡಗಿದನು. ಇದಕ್ಕಿಂತ ಬಿಡಿಸಿ ಹೇಳುವ ಅಗತ್ಯವಿಲ್ಲ.

ಮಗುವು ಏಕೆ ಹೇಳಲಿಲ್ಲವೆಂದು ಕೇಳುವವರುಂಟು. ಹೇಳಲು ಆಕೆಯ ಬಳಿ ಮಾತೇ ಇರಲಿಲ್ಲ. ದೇಹದ ವಿಷಯದಲ್ಲಿ ನಮಗೆ ಮನೆಯಲ್ಲಿ ಕಲಿಸಿದ್ದ ಪದವು ಒಂದೇ, ‘ನಾಚಿಕೆ’ ಎಂಬುದು. ಆ ಪದದಿಂದ ಹೊರಟ ಮಗುವು, ತಪ್ಪು ತನ್ನದೇ ಎಂಬಲ್ಲಿಗೆ ಬಂದು ಮುಟ್ಟಿತು. ಒಮ್ಮೆ ಮಾತ್ರ, “ಅಮ್ಮಾ, ದೊಡ್ಡಪ್ಪ ಬರುವುದು ಬೇಡ” ಎಂದು ಆಕೆ ಹೇಳಿದ್ದುಂಟು. “ದೊಡ್ಡವರನ್ನು ಹಾಗೆನ್ನಬಾರದು” ಎಂದು ತಾಯಿಯವರು ಗದರಿಸಿದರು. ನಮ್ಮ ತಾಯಿಯವರು ಕಠಿಣ ಹೃದಯದವರಲ್ಲ. ಅಂಥದೊಂದು ನಡೆಯಬಹುದೆಂಬ ಕಲ್ಪನೆಯೇ ಅವರಿಗಿರಲಿಲ್ಲ.

1972ರಲ್ಲಿ ಹಿರಿಯಳು ಎಂಟನೆಯ ತರಗತಿಗೆ ಈ ಶಾಲೆಯ ಬೋರ್ಡಿಂಗಿಗೆ ಬಂದಳು. ತಾನು ಊರು ಬಿಟ್ಟೊಡನೆ ಆ ಪಾಪವೂ ಮನೆ ಬಿಟ್ಟಿತೆಂದು ನಂಬಿದಳು. ತಾನು ಬಾಯಿ ಬಿಡದಿದ್ದರೆ ತಂಗಿಯು ಕ್ಷೇಮ, ಮನೆಯ ಮಾನವೂ ಕ್ಷೇಮ ಎಂಬುದು ಆಕೆಯ ಎಣಿಕೆ. ಅದೇ ವರುಷದ ಕೊಯ್ಲಿಗೆ ಬಂದ ಆತನ ದೃಷ್ಟಿಯು ಕಿರಿಯಳ ಮೇಲೆ ಬಿದ್ದಿತು. ಆಗ ಆಕೆಗೆ ಹನ್ನೊಂದು ವರುಷ.

ಎರಡು ವರುಷಗಳ ಮೇಲೆ ಕಿರಿಯಳೂ ಇಲ್ಲಿಗೆ ಬಂದಳು. ರಾತ್ರಿ ದೀಪವಾರಿಸಿದರೆ ಎದ್ದು ಕೂರುವಳು. ಹಗಲು ಲೆಕ್ಕದ ತರಗತಿಯಲ್ಲಿ ತೂಕಡಿಸುವಳು. ಸೋಮಾರಿಯೆಂದು ಬೆಂಚಿನ ಮೇಲೆ ನಿಲ್ಲಿಸಲ್ಪಟ್ಟದ್ದೂ ಉಂಟು. ಹೊಲಿಗೆಯ ಟೀಚರಮ್ಮನವರು ಮಾತ್ರ ಆಕೆಯನ್ನು ಬೇರೆ ಕಣ್ಣಿನಿಂದ ನೋಡಿದರು. ಹೊಲಿಗೆ ಕೊಠಡಿಯ ಹೊರಗಿನ ಕಲ್ಲುಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಕೈಗೆ ಬಟ್ಟೆಯನ್ನೂ ಸೂಜಿಯನ್ನೂ ಕೊಟ್ಟು, ತಾವೂ ಹೊಲಿಯುತ್ತ ಸುಮ್ಮನಿರುತ್ತಿದ್ದರು. ಹೀಗೆ ಅನೇಕ ಶನಿವಾರಗಳು ಕಳೆದವು. ಒಂದು ದಿನ ಅವರು, “ನಿನ್ನನ್ನು ಯಾರಾದರೂ ನೋಯಿಸಿದರೇನಮ್ಮ?” ಎಂದು ಕೇಳಿದರು. ಮಗುವು ಹೊಲಿಗೆಯಿಂದ ತಲೆಯೆತ್ತದೆ ಎಲ್ಲವನ್ನೂ ಹೇಳಿತು.

ಟೀಚರಮ್ಮನವರು ಗಾಬರಿಯಾಗಲಿಲ್ಲ, ಏಕೆ ಹೇಗೆಂದು ಅಡ್ಡಪ್ರಶ್ನೆ ಹಾಕಲಿಲ್ಲ. “ನೀನು ಹೇಳಿದ್ದನ್ನು ನಾನು ನಂಬುತ್ತೇನೆ. ತಪ್ಪು ನಿನ್ನದಲ್ಲ, ಮಗು. ಹೇಳಿದ್ದು ಒಳ್ಳೆಯದಾಯಿತು” ಎಂದರು. ಆಗ ಅಕ್ಕನು ದಾರದ ಉಂಡೆ ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದಳು. ತನ್ನ ಮೌನವು ಯಾರನ್ನೂ ಕಾಯಲಿಲ್ಲವೆಂದು ಆಕೆಗೆ ತಿಳಿದುದು ಆ ಗಳಿಗೆಯಲ್ಲಿ.

ಅವರು ತಂದೆಯವರಿಗೆ ಕಾಗದ ಬರೆದು ಕರೆಸಿದರು. ತಂದೆಯವರು ಕೇಳಿ ಬಹಳ ಹೊತ್ತು ತಲೆ ತಗ್ಗಿಸಿ ಕುಳಿತಿದ್ದರು. ಆ ಮೇಲೆ ಆತನು ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಆದರೆ ಪೊಲೀಸರಿಗೆ ದೂರು ಹೋಗಲಿಲ್ಲ. ಆಗ ಇದ್ದುದು 1860ರ ದಂಡಸಂಹಿತೆಯೊಂದೇ, ಮಕ್ಕಳಿಗಾಗಿ ಪ್ರತ್ಯೇಕವಾದ ಕಾಯಿದೆಯಿರಲಿಲ್ಲ. ಊರಿಗೂ ಕಾರಣ ತಿಳಿಯಲಿಲ್ಲ. ಆತನು ಮರ್ಯಾದಸ್ಥನಾಗಿಯೇ ಬಾಳಿ, ಮರ್ಯಾದಸ್ಥನಾಗಿಯೇ ಸತ್ತನು. ನಮ್ಮ ಮನೆಯ ಬಾಗಿಲು ಆತನಿಗೆ ಮುಚ್ಚಿತು. ಉಳಿದವರ ಮನೆಗಳ ಬಾಗಿಲು ತೆರೆದೇ ಇತ್ತು. ಅಲ್ಲಿಯೂ ಹೆಣ್ಣುಮಕ್ಕಳಿದ್ದರು. ಈ ಯೋಚನೆಯು ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ಕಷ್ಟವು ಅಲ್ಲಿಗೆ ಮುಗಿಯಿತೆಂದು ಓದುಗರು ತಿಳಿಯಬಾರದು. ನಮ್ಮಿಬ್ಬರಿಗೂ ಮದುವೆಯಾಯಿತು, ಮಕ್ಕಳಾದವು. ನಶ್ಯದ ವಾಸನೆ ಬಂದರೆ ಮಾತ್ರ ಬಸ್ಸಿನಲ್ಲಿಯೇ ಆಗಲಿ, ಮದುವೆಯ ಪಂಕ್ತಿಯಲ್ಲಿಯೇ ಆಗಲಿ, ಕೈಕಾಲು ತಣ್ಣಗಾಗುತ್ತಿದ್ದುವು. ‘ಅಕ್ಕನು ಒಂದು ಮಾತು ಹೇಳಿದ್ದರೆ’ ಎಂಬ ಕೋಪವು ಕಿರಿಯಳಲ್ಲಿಯೂ, ‘ನಾನೇ ತಂಗಿಯನ್ನು ಒಪ್ಪಿಸಿ ಬಂದೆ’ ಎಂಬ ಕೊರಗು ಹಿರಿಯಳಲ್ಲಿಯೂ ಬೆಳೆದುವು. ಇಪ್ಪತ್ತನಾಲ್ಕು ವರುಷ ನಾವು ಹಬ್ಬಹುಣ್ಣಿಮೆಗಳಲ್ಲಿ ಕೂಡಿದೆವು, ಅಡಿಗೆ ಮಾಡಿದೆವು, ನಕ್ಕೆವು. ಆ ಮಾತನ್ನು ಮಾತ್ರ ಆಡಲಿಲ್ಲ.

1998ರಲ್ಲಿ ಕಿರಿಯಳು ನಿದ್ರೆಯಿಲ್ಲದೆ ಬಳಲಿ ಬೆಂಗಳೂರಿನಲ್ಲಿ ಒಬ್ಬ ಆಪ್ತಸಮಾಲೋಚಕಿಯವರನ್ನು ಕಂಡಳು. ಕೆಲವು ತಿಂಗಳಲ್ಲಿ ಅಕ್ಕನನ್ನೂ ಕರೆದುಕೊಂಡು ಹೋದಳು. ಗುಣವಾಗುವುದೆಂದರೆ ಮರೆಯುವುದೆಂದು ನಾವು ಎಣಿಸಿದ್ದೆವು. ಹಾಗಲ್ಲ, ನೆನಪು ಬಂದಾಗ ಅದು ನೆನಪೆಂದೂ, ಈಗ ನಡೆಯುತ್ತಿರುವುದಲ್ಲವೆಂದೂ ದೇಹಕ್ಕೆ ಕಲಿಸುವುದು. ಕಾಲು ನೆಲದಲ್ಲಿದೆಯೆಂದು ಗಮನಿಸುವುದು, ಉಸಿರನ್ನು ನಿಧಾನವಾಗಿ ಬಿಡುವುದು, ಕೋಣೆಯಲ್ಲಿ ಕಾಣುವ ಐದು ವಸ್ತುಗಳನ್ನು ಹೆಸರಿಸುವುದು, ಇಂಥ ಚಿಕ್ಕ ಅಭ್ಯಾಸಗಳಿಂದ ಆರಂಭವಾಯಿತು. ವರುಷಗಳೇ ಹಿಡಿದುವು; ನಡುನಡುವೆ ಹಿಂದಕ್ಕೂ ಬಿದ್ದೆವು.

ಹಿರಿಯಳ ಕೊರಗು ಕರಗಿದುದು ಬೇರೆ ರೀತಿಯಲ್ಲಿ. 2003ರಲ್ಲಿ ತಾಯಿಯವರು ತೀರಿಕೊಂಡ ಮೇಲೆ ನಾವಿಬ್ಬರೂ ಅವರ ಪೆಟ್ಟಿಗೆಯನ್ನು ತೆರೆದೆವು. ರೇಷ್ಮೆ ಸೀರೆಗಳ ಕೆಳಗೆ ಆಕೆ ಒಂಬತ್ತು ವರುಷದವಳಾಗಿದ್ದಾಗ ಉಡುತ್ತಿದ್ದ ಲಂಗವಿತ್ತು. ಹಿರಿಯಳು ಅದನ್ನು ತನ್ನ ಸೊಂಟಕ್ಕೆ ಹಿಡಿದು ನೋಡಿದಳು; ಅದು ಮೊಣಕಾಲಿಗೂ ಬರಲಿಲ್ಲ. “ಇಷ್ಟು ಚಿಕ್ಕವಳಿದ್ದೆನೇ ನಾನು?” ಎಂದಳು. “ಇಷ್ಟೇ ಇದ್ದೆ, ಅಕ್ಕ” ಎಂದಳು ಕಿರಿಯಳು. ಅಷ್ಟು ಪುಟ್ಟ ಮಗುವಿನ ಮೇಲೆ ಇಡೀ ಮನೆಯನ್ನು ಕಾಯುವ ಹೊಣೆಯನ್ನು ನಾವಿಬ್ಬರೂ ಹೊರಿಸಿದ್ದೆವು. ಅಂದು ಆ ಹೊಣೆಯನ್ನು ಇಳಿಸಿದೆವು.

ನಮ್ಮಂಥವರು ಎಷ್ಟು ಮಂದಿ ಎಂಬುದು ತಿಳಿದುದು ಆಮೇಲೆ. 2007ರಲ್ಲಿ ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 13 ರಾಜ್ಯಗಳಲ್ಲಿ 12,447 ಮಕ್ಕಳನ್ನು ವಿಚಾರಿಸಿ ಪ್ರಕಟಿಸಿದ ವರದಿಯಲ್ಲಿ, ನೂರಕ್ಕೆ 53ಕ್ಕೂ ಹೆಚ್ಚು ಮಕ್ಕಳು ಯಾವುದಾದರೊಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡಿದ್ದರು. ಗಂಡುಮಕ್ಕಳ ಸಂಖ್ಯೆಯೂ ಕಡಿಮೆಯಿರಲಿಲ್ಲ. ತಪ್ಪಿತಸ್ಥರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಮಗುವು ನಂಬಿದವರು. ಬಹುಪಾಲು ಮಕ್ಕಳು ಯಾರಿಗೂ ಹೇಳಿರಲಿಲ್ಲ.

2012ರಲ್ಲಿ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯಿದೆಯು ಬಂದಿತು. ಆ ವರುಷದ ನವೆಂಬರ್ 14ರಿಂದ ಜಾರಿಯಾಯಿತು. ಗಂಡಾಗಲಿ ಹೆಣ್ಣಾಗಲಿ, ಹದಿನೆಂಟು ವರುಷದೊಳಗಿನವರೆಲ್ಲರೂ ಇದರ ರಕ್ಷಣೆಗೆ ಒಳಪಟ್ಟವರು. ಅಪರಾಧ ನಡೆದುದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೇ ಅಪರಾಧ. ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಶಿಕ್ಷೆ ಇನ್ನೂ ಹೆಚ್ಚು. ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೋ ಅದು ಇಷ್ಟಪಟ್ಟ ಸ್ಥಳದಲ್ಲಿಯೋ ಬರೆದುಕೊಳ್ಳಬೇಕು. ಪೊಲೀಸರು ಆಗ ಸಮವಸ್ತ್ರದಲ್ಲಿರಬಾರದು. ಸಾಕ್ಷ್ಯ ನುಡಿಯುವಾಗ ಮಗುವಿಗೆ ಆರೋಪಿಯು ಎದುರಾಗದಂತೆ ನ್ಯಾಯಾಲಯವು ನೋಡಿಕೊಳ್ಳಬೇಕು. ಮಗುವಿನ ಗುರುತನ್ನು ಪತ್ರಿಕೆಗಳು ಪ್ರಕಟಿಸಕೂಡದು.

ಈ ಕಾಯಿದೆಯ ನಿಯಮಗಳಲ್ಲಿ ‘ಬೆಂಬಲ ವ್ಯಕ್ತಿ’ ಎಂಬ ಒಂದು ಸ್ಥಾನವುಂಟು. ತನಿಖೆಯಿಂದ ವಿಚಾರಣೆಯ ಕೊನೆಯವರೆಗೆ ಮಗುವಿನ ಜೊತೆಯಲ್ಲಿರತಕ್ಕವರು ಇವರು. ಕಿರಿಯಳು ಆ ಕೆಲಸವನ್ನು ಕೈಕೊಂಡಳು. ಹಿರಿಯಳು ತಾಯಂದಿರ ಜೊತೆ ಕೂರುತ್ತಾಳೆ. ವಕೀಲರಲ್ಲದ ನಾವು ಮಾಡುವುದೇನೂ ದೊಡ್ಡದಲ್ಲ: ನ್ಯಾಯಾಲಯದ ಕೋಣೆ ಹೇಗಿರುತ್ತದೆಂದು ಮಗುವಿಗೆ ಮುಂಚಿತವಾಗಿ ತೋರಿಸುವುದು, ವಾಯಿದೆಯ ದಿನ ಬುತ್ತಿ ಕಟ್ಟಿಕೊಂಡು ಹೋಗುವುದು, ಕಾಯುವಾಗ ಬಣ್ಣದ ಕಡ್ಡಿ ಕೊಡುವುದು. “ನಾಳೆ ಇವಳನ್ನು ಯಾರು ಮದುವೆಯಾಗುತ್ತಾರೆ?” ಎಂದು ಅಳುವ ತಾಯಂದಿರೇ ಹೆಚ್ಚು. “ಇವತ್ತು ಇವಳು ಊಟ ಮಾಡಿದಳೇ, ನಿದ್ರೆ ಮಾಡಿದಳೇ, ಅದನ್ನು ಮೊದಲು ನೋಡೋಣ ಬನ್ನಿ” ಎನ್ನುತ್ತೇವೆ. ಎಲ್ಲ ಮೊಕದ್ದಮೆಗಳಲ್ಲಿಯೂ ಶಿಕ್ಷೆಯಾಗುವುದಿಲ್ಲ. ಆದರೂ ದೊಡ್ಡವರು ತನ್ನನ್ನು ನಂಬಿ ಎದ್ದು ನಿಂತರೆಂಬುದು ಮಗುವಿನಲ್ಲಿ ಉಳಿಯುತ್ತದೆ.

ಪೋಷಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮಕ್ಕಳಿಗೆ ದೇಹದ ಅಂಗಗಳ ಹೆಸರನ್ನು ನಾಚಿಕೆಯಿಲ್ಲದೆ ಕಲಿಸಿರಿ. ಮಗುವು ಒಲ್ಲೆನೆಂದರೆ ಯಾರ ಮಡಿಲಿಗೂ ಬಲವಂತವಾಗಿ ಕಳುಹಿಸಬೇಡಿರಿ. ಅದು ಏನಾದರೂ ಹೇಳಿದಾಗ ‘ಮೊದಲೇ ಏಕೆ ಹೇಳಲಿಲ್ಲ’ ಎಂದು ಕೇಳಬೇಡಿರಿ, ಹೇಳಿದ್ದಕ್ಕೆ ಮೆಚ್ಚಿರಿ. ದಾರಿ ತೋರದಿದ್ದರೆ 1098 ಎಂಬ ಮಕ್ಕಳ ಸಹಾಯವಾಣಿಗೆ ಹಗಲಾಗಲಿ ರಾತ್ರಿಯಾಗಲಿ ಹಣವಿಲ್ಲದೆ ಕರೆ ಮಾಡಬಹುದು. ಇದನ್ನೋದುವ ಪೂರ್ವ ವಿದ್ಯಾರ್ಥಿನಿಯರಲ್ಲಿ ಇಂಥ ಭಾರವನ್ನು ಒಬ್ಬರೇ ಹೊತ್ತಿರುವವರಿದ್ದರೆ ಅವರಿಗೆ ನಾವು ಅವಸರಪಡಿಸುವುದಿಲ್ಲ. ಹೇಳುವ ಕಾಲವನ್ನೂ ಕೇಳುವವರನ್ನೂ ಆರಿಸಿಕೊಳ್ಳುವ ಹಕ್ಕು ಅವರದು. ತಪ್ಪು ಅವರದಲ್ಲ, ಅಷ್ಟು ಮಾತ್ರ ನೆನಪಿರಲಿ.

ಟೀಚರಮ್ಮನವರು ಈಗಿಲ್ಲ. ಅವರಿಗೆ ಈ ಮಾತನ್ನು ಓದಿ ಹೇಳಲಾಗಲಿಲ್ಲವೆಂಬ ವ್ಯಥೆಯಿದೆ. ಕಲ್ಲುಬೆಂಚು ಇನ್ನೂ ಇದೆ. ಕಳೆದ ಬಾರಿ ಬಂದಾಗ ನಾವು ಅದರ ಮೇಲೆ ಸ್ವಲ್ಪ ಹೊತ್ತು ಕುಳಿತು ಹೋದೆವು. ಶಾಲೆಯ ಆಡಳಿತದವರಲ್ಲಿ ನಮ್ಮದೊಂದು ಕೋರಿಕೆಯಿದೆ. ಪ್ರತಿ ಶನಿವಾರ ಮಧ್ಯಾಹ್ನ ಒಬ್ಬ ಉಪಾಧ್ಯಾಯಿನಿಯವರು, ಬೇರೆ ಕೆಲಸವಿಟ್ಟುಕೊಳ್ಳದೆ, ಅಲ್ಲಿ ಕುಳಿತಿರಲಿ. ಬೇಕಾದ ಮಗುವು ತಾನಾಗಿ ಬಂದು ಪಕ್ಕದಲ್ಲಿ ಕೂರುವುದು.