ಜೇವರ್ಗಿ ಬಸ್ಸಿನಲ್ಲಿ

ಪಕ್ಕದ ಸೀಟಿನಲ್ಲಿ ಒಬ್ಬರು ಸಿಸ್ಟರ್ ಕೂತಿದ್ದಾರೆ. ಮಡಿಲಲ್ಲಿ ಮಹಿಳಾ ಸಂಘದ ಪಾಸ್‌ಬುಕ್ಕುಗಳ ಕಟ್ಟು, ಚಪ್ಪಲಿ ತುಂಬ ಎರೆಮಣ್ಣು. ನೋಡ್ತಾ ಇದ್ದಂಗೆ ಹೊಳೀತು, ಈಗಲೇ ಬರೀತಿದ್ದೀನಿ.

ಕಥೋಲಿಕ ಧರ್ಮಸಭೆಯ 2025ರ ಜುಬಿಲಿ ವರ್ಷಕ್ಕೆ ಪೋಪ್ ಫ್ರಾನ್ಸಿಸ್ ನಮ್ಮನ್ನೆಲ್ಲ ‘ಭರವಸೆಯ ಯಾತ್ರಿಕರು’ ಅಂದಾಗ ಎಲ್ಲರ ಬಾಯಲ್ಲೂ ರೋಮಿನ ಯಾತ್ರೆಯದೇ ಮಾತು. 2005ರಲ್ಲಿ ಶುರುವಾದ ನಮ್ಮ ಗುಲ್ಬರ್ಗ ಧರ್ಮಕ್ಷೇತ್ರಕ್ಕೂ ಅದೇ ವರ್ಷ ಇಪ್ಪತ್ತು ತುಂಬಿತ್ತು. ಆಳಂದದಲ್ಲಿ ಲಾಡ್ಲೆ ಮಶಾಕ್ ದರ್ಗಾ, ಅಫಜಲಪುರ ತಾಲೂಕಿನಲ್ಲಿ ಗಾಣಗಾಪುರದ ದತ್ತ. ಯಾತ್ರೆ ಅಂದ್ರೇನು ಅಂತ ಈ ನೆಲಕ್ಕೆ ಯಾರೂ ಕಲಿಸಬೇಕಿಲ್ಲ. ಆದ್ರೆ ತೊಗರಿ ಹೊಲದ ಬದು ಹಿಡಿದು, ಸಾಲದ ಕಂತು ಕಟ್ಟಲಾಗದೆ ಸಂಘದ ಸಭೆಗೇ ಬರದವಳ ಮನೆ ಹುಡುಕ್ಕೊಂಡು ಹೋಗೋದಿದೆಯಲ್ಲ, ಅದೂ ಪುಣ್ಯಯಾತ್ರೆನೇ. ಅದಕ್ಕೆ ಜುಬಿಲಿ ವರ್ಷವೇ ಬೇಕಂತಿಲ್ಲ.

ನಿಮ್ಮ ಇವತ್ತಿನ ಯಾತ್ರೆ ಯಾರ ಮನೆ ಕಡೆಗಿತ್ತು? ಹೇಳ್ರಿ.